ಹಾಡಿದವರ ಹೆಸರನ್ನೂ ಹೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ಎಫ್‌ಎಂ ಕೇಂದ್ರವೊಂದರಲ್ಲಿ ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಗೀತೆ ಪ್ರಸಾರವಾಯಿತು. ಹಾಡು ಮುಗಿದ ಮೇಲೆ ನಿರೂಪಕರು ಪಿ.ಬಿ. ಶ್ರೀನಿವಾಸ್ ಅವರ ಜೊತೆಗೆ ಎಸ್. ಜಾನಕಿಯವರನ್ನು ಕೊಂಡಾಡಿದರು. ಪಾಠಕ್ಕೆಂದು ಬಂದು ಕುಳಿತಿದ್ದ ಹುಡುಗಿ, ‘ಟೀಚರ್, ಇದು ವಾಣಿ ಜಯರಾಂ ಅಲ್ವಾ?’ ಎಂದಳು. ಹೌದು, ಅವರೇ. ಜಾನಕಿಯಮ್ಮನವರ ಮೇಲೆ ನನಗಿರುವ ಗೌರವ ಕಡಿಮೆಯದಲ್ಲ. ಆದರೆ ಒಬ್ಬರ ದುಡಿಮೆ ಇನ್ನೊಬ್ಬರ ಖಾತೆಗೆ ಜಮೆಯಾಗುವುದನ್ನು ಕೇಳಿಯೂ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

1945ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಹುಟ್ಟಿ, ಎಳವೆಯಲ್ಲೇ ಕರ್ನಾಟಕ ಸಂಗೀತ ಕಲಿತು, ಸ್ಟೇಟ್ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ವಾಣಿಯವರು ಮದುವೆಯಾಗಿ ಮುಂಬೈಗೆ ಹೋದ ಮೇಲೆ ಉಸ್ತಾದ್ ಅಬ್ದುಲ್ ರೆಹಮಾನ್ ಖಾನರ ಬಳಿ ಹಿಂದೂಸ್ತಾನಿ ಪಾಠಕ್ಕೆ ಕುಳಿತರು; ಸಂಗೀತಕ್ಕಾಗಿ ಬ್ಯಾಂಕಿನ ಕೆಲಸವನ್ನೇ ಬಿಟ್ಟರು. ಸಂಗೀತ ನಿರ್ದೇಶಕ ವಸಂತ ದೇಸಾಯಿಯವರು ಅವರಿಂದ ಮರಾಠಿ ಗೀತೆಯೊಂದನ್ನು ಹಾಡಿಸಿದ್ದು ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಜೊತೆಯಲ್ಲಿ. 1971ರಲ್ಲಿ ‘ಗುಡ್ಡಿ’ ಹಿಂದಿ ಚಿತ್ರಕ್ಕೆ ಮಿಯಾಂ ಮಲ್ಹಾರ ರಾಗದಲ್ಲಿ ಹಾಡಿದ ‘ಬೋಲೆ ರೇ ಪಪೀಹರಾ’ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು.

ಮುಂದಿನದನ್ನು ಎಲ್ಲರೂ ಮೂರು ರಾಷ್ಟ್ರಪ್ರಶಸ್ತಿಗಳ ಲೆಕ್ಕದಲ್ಲಿ ಮುಗಿಸಿಬಿಡುತ್ತಾರೆ. ಮೊದಲನೆಯದು ತಮಿಳಿನ ‘ಅಪೂರ್ವ ರಾಗಂಗಳ್’ ಚಿತ್ರಕ್ಕೆ. ಅದೇ ವರ್ಷ ಗಾಯಕರ ಪ್ರಶಸ್ತಿ ನಮ್ಮ ‘ಹಂಸಗೀತೆ’ಗಾಗಿ ಬಾಲಮುರಳಿಕೃಷ್ಣ ಅವರಿಗೆ ಸಂದಿತ್ತು. ಎರಡನೆಯದು ‘ಶಂಕರಾಭರಣಂ’ಗೆ. ಮೂರನೆಯದಾದ ‘ಸ್ವಾತಿ ಕಿರಣಂ’ ಚಿತ್ರದ ಹಾಡುಗಳನ್ನು ಮಾತ್ರ ನನ್ನ ಶಿಷ್ಯರಿಗೆ ಮತ್ತೆ ಮತ್ತೆ ಕೇಳಿಸುತ್ತೇನೆ. ಅಲ್ಲಿ ತೆರೆಯ ಮೇಲೆ ಹಾಡುವ ಬಾಲಕ ‘ಮಾಲ್ಗುಡಿ ಡೇಸ್’ನ ಮಾಸ್ಟರ್ ಮಂಜುನಾಥ್; ದನಿ ನಲವತ್ತೈದು ದಾಟಿದ ಈ ಗಾಯಕಿಯದು. ಸ್ವರವನ್ನು ಬಾಗಿಸದೆ, ಬಳುಕಿಸದೆ, ಹುಡುಗನೊಬ್ಬ ಧೈರ್ಯದಿಂದ ಹಿಡಿಯುವಂತೆ ನೇರವಾಗಿ ಹಿಡಿಯುತ್ತಾರೆ. ಸಂಗತಿಗಳು, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ರೀತಿಗಳು, ಮಾತ್ರ ಪಳಗಿದ ಕಂಠದಿಂದಷ್ಟೇ ಬರುವಂಥವು.

ಆದರೆ ಅವರ ಕಲಿಕೆಯ ಬೆಲೆ ತಿಳಿಯಬೇಕಾದರೆ ರಾಗದ ಹೆಸರೇ ಎತ್ತಲಾಗದ ಹಾಡುಗಳನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ‘ಶುಭಮಂಗಳ’ದ ‘ಈ ಶತಮಾನದ ಮಾದರಿ ಹೆಣ್ಣು’ ಗೀತೆಯಲ್ಲಿ ವಿದ್ವತ್ತು ತೋರಿಸಲು ಎಡೆಯೇ ಇಲ್ಲ, ಅವರು ತೋರಿಸುವುದೂ ಇಲ್ಲ. ‘ಕವಿರತ್ನ ಕಾಳಿದಾಸ’ದ ‘ಸದಾ ಕಣ್ಣಲಿ’ಯಲ್ಲಿ ರಾಜಕುಮಾರ್ ಅವರ ತುಂಬು ದನಿಯ ಪಕ್ಕದಲ್ಲಿ ಸ್ವಲ್ಪವೂ ಏರುದನಿಯಾಗದೆ ತಮ್ಮ ಜಾಗದಲ್ಲೇ ನಿಲ್ಲುತ್ತಾರೆ. ತಮಿಳು ಲಿಪಿಯಲ್ಲಿ ಮಹಾಪ್ರಾಣಗಳಿಗೆ ಬೇರೆ ಅಕ್ಷರಗಳಿಲ್ಲ. ಆದರೂ ಅವರ ಕನ್ನಡ ಹಾಡುಗಳಲ್ಲಿ ಮಹಾಪ್ರಾಣ ಎಡವಿದ್ದನ್ನು ನಾನು ಕೇಳಿಲ್ಲ.

2023ರ ಜನವರಿಯಲ್ಲಿ ಪದ್ಮಭೂಷಣ ಘೋಷಣೆಯಾಯಿತು. ಅದನ್ನು ಸ್ವೀಕರಿಸುವ ಮೊದಲೇ, ಫೆಬ್ರುವರಿ 4ರಂದು ಅವರು ತೀರಿಕೊಂಡರು. ‘ಶಂಕರಾಭರಣಂ’ ಮತ್ತು ‘ಸ್ವಾತಿ ಕಿರಣಂ’ ಚಿತ್ರಗಳ ನಿರ್ದೇಶಕ ಕೆ. ವಿಶ್ವನಾಥ್ ನಿಧನರಾಗಿ ಆಗಿನ್ನೂ ಎರಡೇ ದಿನಗಳಾಗಿದ್ದವು.

ಆಕಾಶವಾಣಿಯ ಚಿತ್ರಗೀತೆ ಕಾರ್ಯಕ್ರಮಗಳಲ್ಲಿ ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕನ್ನೂ ಹೇಳುವ ಪದ್ಧತಿಯಿತ್ತು. ಹಾಡಿದವರು ಯಾರೆಂಬುದನ್ನು ನಾವು ಕಲಿತದ್ದೇ ಹಾಗೆ. ಖಾಸಗಿ ಕೇಂದ್ರಗಳೂ ಜಾಹೀರಾತಿನ ನಡುವೆ ಹತ್ತು ಸೆಕೆಂಡನ್ನು ಇದಕ್ಕೆ ಮೀಸಲಿಡಲಿ, ಹೇಳುವ ಮೊದಲು ಹೆಸರನ್ನು ಒಮ್ಮೆ ಸರಿನೋಡಿಕೊಳ್ಳಲಿ ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ತಪ್ಪನ್ನು ತಿಳಿಸೋಣವೆಂದು ಅಂದೇ ಆ ಕೇಂದ್ರಕ್ಕೆ ಫೋನ್ ಮಾಡಿದ್ದೆ. ಫೋನ್ ಎತ್ತಿದವರು, ಯಾವ ಹಾಡು ಬೇಕು ಮೇಡಂ ಎಂದು ಕೇಳಿದರು.

— ಸಂಗೀತ ಶಿಕ್ಷಕಿ, ಮೈಸೂರು