ಸೇನಾ ಮುಖ್ಯಸ್ಥರು ಪಕ್ಷ ಸೇರುವ ಮುನ್ನ ಬಿಡುವು ಇರಲಿ

ಮಾನ್ಯರೇ,

ಸೇನಾ ಮುಖ್ಯಸ್ಥರಾಗಿದ್ದವರು ರಾಜಕೀಯಕ್ಕೆ ಬರುವುದು ತಪ್ಪಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರೇ 1971ರಲ್ಲಿ ಮುಂಬೈನಿಂದ ಲೋಕಸಭೆಗೆ ನಿಂತು ಸೋತಿದ್ದರು. ಆದರೆ ಅವರು ಹುದ್ದೆ ಬಿಟ್ಟು ಆಗಲೇ 18 ವರ್ಷವಾಗಿತ್ತು. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಮಾತ್ರ 2012ರ ಮೇನಲ್ಲಿ ನಿವೃತ್ತರಾದರು, 2014ರ ಮಾರ್ಚ್‌ನಲ್ಲಿ ಬಿಜೆಪಿ ಸೇರಿದರು, ಗಾಜಿಯಾಬಾದ್‌ನಲ್ಲಿ ಗೆದ್ದು ಮಂತ್ರಿಯೂ ಆದರು.

ಮಂತ್ರಿಯಾಗಿ ಅವರು ಒಳ್ಳೆಯ ಕೆಲಸ ಮಾಡಿದ್ದಾರೆ. 2015ರಲ್ಲಿ ಯೆಮೆನ್ ಯುದ್ಧದಲ್ಲಿ ಸಿಲುಕಿದ್ದ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತರುವಾಗ ಅವರೇ ಪಕ್ಕದ ಜಿಬೂಟಿ ದೇಶದಲ್ಲಿದ್ದು ಉಸ್ತುವಾರಿ ನೋಡಿದರು. ಬಾಂಬ್ ಬೀಳುತ್ತಿದ್ದ ಯೆಮೆನ್ ರಾಜಧಾನಿ ಸನಾಗೂ ಹೋಗಿಬಂದರು. ಮಂತ್ರಿಗಳು ಹೀಗೆ ಮುಂದೆ ನಿಲ್ಲುವುದು ಅಪರೂಪ, ಅಲ್ವಾ?

ಆದರೂ ನಿವೃತ್ತಿಗೂ ಪಕ್ಷ ಸೇರಿದ್ದಕ್ಕೂ ನಡುವೆ ಎರಡು ವರ್ಷವೂ ತುಂಬದ ಆ ಅಂತರ ನನಗೆ ಸರಿ ಕಾಣುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಿಂದಲೂ ಹುಡುಗರು ಸೇನೆ ಸೇರುತ್ತಾರೆ. ಅವರ ಮನೆಯವರು ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುತ್ತಾರೆ. ಸಮವಸ್ತ್ರದಲ್ಲಿರುವಾಗಲೇ ಮುಖ್ಯಸ್ಥರ ಕಣ್ಣು ಟಿಕೆಟ್ ಮೇಲಿತ್ತಾ ಎಂಬ ಅನುಮಾನ ಅವರಲ್ಲಿ ಯಾರಿಗೂ ಬರಬಾರದು. ನಿವೃತ್ತಿಯಾದ ಕೂಡಲೇ ಖಾಸಗಿ ಕಂಪನಿ ಸೇರಲು ಹಿರಿಯ ಅಧಿಕಾರಿಗಳಿಗೆ ಸರ್ಕಾರದ ಅನುಮತಿ ಬೇಕು. ಪಕ್ಷ ಸೇರಲು ಯಾವ ತಡೆಯೂ ಇಲ್ಲ. ಕನಿಷ್ಠ 3 ವರ್ಷದ ಬಿಡುವು ಕಡ್ಡಾಯ ಮಾಡುವ ಕಾನೂನು ಬರಲಿ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಬೇಕು.

– ಓದುಗ, ಚಿತ್ರದುರ್ಗ