ಬೇರಿನ ಸಿಮೆಂಟ್ ಬದಲಾಗಿದೆ, ಬಿಲ್ಲೂ ಬದಲಾಗಿದೆ

ಆತ್ಮೀಯರೇ,

ಮೊದಲು ತಪ್ಪೊಪ್ಪಿಗೆ. ಹಲ್ಲಿನ ಬೇರಿಗೆ ತೂತು ಬಿದ್ದಾಗ ಮುಚ್ಚುವ ಸಿಮೆಂಟನ್ನು ಬದಲಾಯಿಸಿದೆವು, ಬೋರ್ಡಿನಲ್ಲಿ ಹೊಸ ದರ ಬರೆಯುವುದನ್ನು ಮರೆತೆವು. ಕೆಲವರಿಗೆ ಬಿಲ್ ಕೈಗೆ ಬಂದಾಗಲೇ ಗೊತ್ತಾಯಿತು. ಕ್ಷಮಿಸಿ.

ಆದರೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. "ಡಾಕ್ಟ್ರೇ, ಈ ದುಡ್ಡಿಗೆ ಮನೆ ಕಟ್ಟೋ ಸಿಮೆಂಟ್ ನಾಲ್ಕು ಮೂಟೆ ಬರುತ್ತಲ್ವಾ?" ತಮಾಷೆ ಏನೆಂದರೆ, ಅದು ಪೂರ್ತಿ ತಪ್ಪು ಮಾತಲ್ಲ. 1993ರಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಿಂದ ಬಂದ, ಇಷ್ಟು ದಿನ ನಾವು ಹಾಕುತ್ತಿದ್ದ ಎಂಟಿಎ ಪುಡಿಯಲ್ಲಿ ಮುಕ್ಕಾಲು ಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟೇ, ಅಂದರೆ ಮನೆ ಕಟ್ಟೋ ಸಿಮೆಂಟಿನ ಜಾತಿಯದ್ದೇ. ಆದರೆ ಮೂಟೆಯಲ್ಲಿ ಆರ್ಸೆನಿಕ್ ಎಂಬ ವಿಷ ಎಷ್ಟಿದೆ ಎಂದು ಗಾರೆಯವರು ನೋಡಬೇಕಿಲ್ಲ, ನಾವು ನೋಡಲೇಬೇಕು. ಬಾಯಿಗೆ ಹಾಕುವುದನ್ನು ಶುದ್ಧ ಮಾಡಿ, ನುಣ್ಣಗೆ ಮಾಡಿ, ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿರುತ್ತಾರೆ.

ಎಂಟಿಎ ಕೆಟ್ಟದ್ದಲ್ಲ. ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಆದರೆ ಅದಕ್ಕೆ ಎರಡೂಮುಕ್ಕಾಲು ಗಂಟೆ ಬೇಕು. ಹಾಗಾಗಿ ಒದ್ದೆ ಹತ್ತಿ ಇಟ್ಟು, "ಇನ್ನೊಂದು ದಿನ ಬನ್ನಿ" ಎನ್ನುತ್ತಿದ್ದೆವು. ಹೊಸನಗರದಿಂದ ಮಳೆಯಲ್ಲಿ ಬಸ್ ಹತ್ತಿ ಬಂದವರಿಗೆ ಹೀಗೆ ಹೇಳುವುದು ನಮಗೂ ಕಷ್ಟವೇ. ಮುಂದಿನ ಹಲ್ಲು ಬೂದು ಬಣ್ಣಕ್ಕೆ ತಿರುಗುವುದೂ ಉಂಟು. ಮಳೆಗಾಲದಲ್ಲಂತೂ ಒಡೆದ ಪೊಟ್ಟಣದ ಪುಡಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ. ಹಾಗೆ ಎಸೆದದ್ದನ್ನು ಯಾರ ಬಿಲ್ಲಿಗೂ ಸೇರಿಸಿಲ್ಲ.

ಈಗ ಬಳಸುತ್ತಿರುವುದು ಬಯೋಡೆಂಟಿನ್. ಕ್ಯಾಪ್ಸೂಲಿನ ಪುಡಿಗೆ ಐದು ಹನಿ ದ್ರವ ಬಿಟ್ಟು, 30 ಸೆಕೆಂಡ್ ಮೆಷಿನ್ನಿನಲ್ಲಿ ಕುಲುಕಿದರೆ ಸುಮಾರು 12 ನಿಮಿಷಕ್ಕೆ ಗಟ್ಟಿ. ಅದೇ ದಿನ ಕೆಲಸ ಮುಗಿಸಿ ಕಳಿಸಬಹುದು. ನಿಮ್ಮ ತೂತಿಗೆ ಬೇಕಾಗುವುದು ಸಾಸಿವೆ ಕಾಳಿನಷ್ಟೇ. ಉಳಿದದ್ದು ಗಾಜಿನ ಮೇಲೆ ಕಲ್ಲಾಗಿ ಕೂರುತ್ತದೆ, ಮುಂದಿನವರಿಗೆ ಬಳಸಲು ಬರುವುದಿಲ್ಲ. ನಿಮ್ಮ ಬಿಲ್ಲಿನಲ್ಲಿರುವುದು ಆ ಇಡೀ ಕ್ಯಾಪ್ಸೂಲ್. ನಾವು ಸುಮ್ನೆ ಏರಿಸಿದ್ದಲ್ಲ.

ಇದಕ್ಕೂ ಒಂದು ಕೊರತೆ ಇದೆ: ಎಕ್ಸ್‌ರೇಯಲ್ಲಿ ಎಂಟಿಎಯಷ್ಟು ಬೆಳ್ಳಗೆ ಕಾಣುವುದಿಲ್ಲ. "ಏನೂ ಹಾಕೇ ಇಲ್ಲ" ಎಂದು ಗಾಬರಿಯಾಗಬೇಡಿ, ಎಲ್ಲಿದೆ ಎಂದು ನಾನೇ ಬೆರಳಿಟ್ಟು ತೋರಿಸುತ್ತೇನೆ.

ಎಂಟಿಎ ಹಾಕಿಸಿಕೊಂಡವರು ಅದನ್ನು ತೆಗೆಸಬೇಕಿಲ್ಲ. ದವಡೆ ಹಲ್ಲಿಗೆ ಅದೇ ಬೇಕು, ಎರಡು ಸಲ ಬರುತ್ತೇವೆ ಎನ್ನುವವರಿಗೆ ಹಳೇ ದರಕ್ಕೇ ಹಾಕುತ್ತೇವೆ. ಬೋರ್ಡ್ ಬದಲಾಗುವ ಮೊದಲು ಜಾಸ್ತಿ ಕೊಟ್ಟವರು ಬಿಲ್ ತನ್ನಿ, ವ್ಯತ್ಯಾಸದ ಹಣ ವಾಪಸ್ ಕೊಡುತ್ತೇವೆ. ಬಿಲ್ ಕಳೆದಿದ್ದರೂ ಬನ್ನಿ, ನಮ್ಮ ಪುಸ್ತಕದಲ್ಲಿ ಬರೆದಿದೆ.

ಇಂತಿ,
ನಿಮ್ಮ ಹಲ್ಲಿನ ಡಾಕ್ಟರ್
ದುರ್ಗಿಗುಡಿ, ಶಿವಮೊಗ್ಗ