ನರ್ಸರಿಯ ನೆರಳು ಚಪ್ಪರಕ್ಕಾಗಿ ದೇಣಿಗೆ ಮನವಿ

ಮಾನ್ಯ ದಾನಿಗಳಲ್ಲಿ ಅರಿಕೆ.

ಕಳೆದ ತಿಂಗಳ ಬಿರುಗಾಳಿಗೆ ನಮ್ಮ ಟ್ರಸ್ಟಿನ ನರ್ಸರಿಯ ನೆರಳು ಚಪ್ಪರ ಕಿತ್ತುಹೋಗಿ, ಕಾಡುಮರಗಳ ಸಸಿಗಳು ಬಿರುಬಿಸಿಲಿಗೆ ಬಿದ್ದಿರುವ ಸಂಗತಿ ತಮ್ಮಲ್ಲಿ ಹಲವರಿಗೆ ಈಗಾಗಲೇ ತಿಳಿದಿದೆ. ಪಾಲಕರು ಹಗಲೆಲ್ಲ ನೀರು ಹೊತ್ತು, ಗರಿ ಹೊದಿಸಿ, ಉಳಿದವನ್ನು ಕಾಯುತ್ತಿದ್ದಾರೆ. ಮಳೆಗಾಲಕ್ಕೆ ಮುನ್ನ ಚಪ್ಪರ ಮತ್ತೆ ಏಳಲೇಬೇಕು.

ಹೋದ ಸಸಿಗಳಿಗೆ ಬದಲಾಗಿ ಬೇರೆ ಬೀಜ ಬಿತ್ತಬಾರದೇ ಎಂದು ಕೆಲವರು ಕೇಳಿದ್ದಾರೆ. ಧಾನ್ಯವನ್ನು ಒಣಗಿಸಿ ವರ್ಷಗಟ್ಟಲೆ ಕಾಪಿಡಬಹುದು. ಉಷ್ಣವಲಯದ ಮಳೆಕಾಡಿನ ಅನೇಕ ಮರಗಳ ಬೀಜಗಳಿಗೆ ಆ ಗುಣವಿಲ್ಲ. ತೇವ ಆರಿದರೆ ಅವು ಸಾಯುತ್ತವೆ. ಸಾಲ್ ಮರದ ಬಳಗವಾದ ಡಿಪ್ಟೆರೊಕಾರ್ಪ್ ಕುಟುಂಬದ ಹಲವು ಮರಗಳ ಬೀಜಗಳಂತೂ ಉದುರಿದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ, ಮತ್ತು ಅವು ಎಲ್ಲ ವರ್ಷಗಳಲ್ಲೂ ಸಮೃದ್ಧವಾಗಿ ಕಾಯಿಬಿಡುವುದಿಲ್ಲ. ಇಂಥ ಮರಗಳ ಪಾಲಿಗೆ ನರ್ಸರಿಯೇ ಬೀಜಭಂಡಾರ.

ಸುಮ್ಮನೆ ಬಿಟ್ಟರೆ ಕಾಡು ತಾನೇ ಬೆಳೆಯುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಲ್ಯಾಟಿನ್ ಅಮೆರಿಕದ ಮರುಬೆಳೆದ ಕಾಡುಗಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮರಗಳ ಜಾತಿಗಳ ಸಂಖ್ಯೆ 20 ವರ್ಷಗಳಲ್ಲಿ ಹಳೆಯ ಕಾಡಿನ ಸುಮಾರು ಶೇ. 80ರಷ್ಟಕ್ಕೆ ಮರಳುತ್ತದೆ, ಆದರೆ ಹಿಂದೆ ಇದ್ದ ಅದೇ ಜಾತಿಗಳ ಕೂಟ ಮರಳಲು ಶತಮಾನಗಳೇ ಬೇಕು. ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು ಅಳಿದ ಕಡೆ ದೊಡ್ಡ ಬೀಜದ ಮರಗಳ ಬೀಜವನ್ನು ದೂರಕ್ಕೆ ಒಯ್ಯುವವರಿಲ್ಲ. ನಾವು ಬೆಳೆಸುವುದು ಮುಖ್ಯವಾಗಿ ಅಂಥ ಮರಗಳನ್ನೇ. ಬೇಗ ಬೆಳೆಯುವ ಒಂದೇ ಜಾತಿಯನ್ನು ಸಾಲಾಗಿ ನೆಟ್ಟು ಅದನ್ನು ಕಾಡೆಂದು ಕರೆಯುವ ಪದ್ಧತಿಯನ್ನು ಟ್ರಸ್ಟ್ ಎಂದೂ ಒಪ್ಪಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ.

ಈ ದಾರಿ ಫಲ ಕೊಡುತ್ತದೆಂಬುದಕ್ಕೆ ಬ್ರೆಜಿಲ್‌ನ ಅಟ್ಲಾಂಟಿಕ್ ಕಾಡು ಸಾಕ್ಷಿ. 1970ರ ದಶಕದ ಆರಂಭದಲ್ಲಿ ಅಲ್ಲಿ ಸುಮಾರು 200ಕ್ಕೆ ಇಳಿದಿದ್ದ ಹೊಂಬಣ್ಣದ ಟ್ಯಾಮರಿನ್ ಕೋತಿಗಳು, ಮೃಗಾಲಯಗಳಿಂದ ಮರಳಿ ಕಾಡು ಸೇರಿಸಿದ ಕೋತಿಗಳಿಂದಲೂ, ತುಂಡಾದ ಕಾಡುಗಳ ನಡುವೆ ಮರ ನೆಟ್ಟು ಬೆಸೆದ ದಾರಿಗಳಿಂದಲೂ ಇಂದು ಸಾವಿರಗಳ ಸಂಖ್ಯೆಗೆ ಏರಿವೆ. ನಮ್ಮ ಹಳೆಯ ದಾನಿಗಳು ನೆಡಿಸಿದ ಮೊದಲ ಕಾಡುಪಟ್ಟಿಯಲ್ಲೂ ಈಗ ಮರಗಳ ತಲೆಗಳು ಕೂಡಿ ನೆರಳಾಗಿವೆ, ಅದರಡಿ ಕಳೆಹುಲ್ಲು ಹಿಂದೆ ಸರಿದಿದೆ.

ಕಂಬ, ನೆರಳು ಬಲೆ, ನೀರಿನ ಪೈಪು, ಕೂಲಿ ಎಲ್ಲ ಸೇರಿ ಟ್ರಸ್ಟಿನ ಒಂದು ವರ್ಷದ ಖರ್ಚಿನ ಹೆಚ್ಚುಕಡಿಮೆ ಅರ್ಧದಷ್ಟು ಬೇಕಾಗುತ್ತದೆ. ಹಣ ಕೊಡಲಾಗದವರು ಬಲೆಯನ್ನೋ ಕಂಬಗಳನ್ನೋ ಕೊಟ್ಟರೂ ಕೃತಜ್ಞತೆಯಿಂದ ಸ್ವೀಕರಿಸಿ ರಸೀದಿ ಕೊಡುತ್ತೇವೆ. ಈ ತಿಂಗಳ ಕೊನೆಯೊಳಗೆ ತಮ್ಮ ದೇಣಿಗೆ ತಲುಪಿದರೆ ಕೆಲಸ ಮಳೆಗೆ ಮುನ್ನ ಮುಗಿಯುತ್ತದೆ.

ಇಂತಿ,
ಟ್ರಸ್ಟಿನ ಧರ್ಮದರ್ಶಿಗಳು